ಬಾಟಲಿಯಲ್ಲಿ ಓಡುವ ವ್ಯಾನು

ಭಾನುವಾರ ಕತ್ತಲಾಗುವುದರೊಳಗೆ ವ್ಯಾನು ತನ್ನ ಮನೆ ಬಾಗಿಲಿಗೆ ಓಡಿಕೊಂಡು ಬಂದರೆ ಅದು ತಂಗಿಯದು, ಇಲ್ಲದಿದ್ದರೆ ಗುಜರಿಯವನದು ಎಂದು ಅಣ್ಣ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ. ಅಪ್ಪ ಹೋದ ಮೇಲೆ ಉಳಿದದ್ದೇ ಆ ಹಳೆಯ ವ್ಯಾನು. ಒಳಗೊಂದು ಮಡಚುವ ಹಾಸಿಗೆ, ಒಂಟಿ ಒಲೆ, ಎರಡು ಲೋಟ ತೊಳೆಯುವಷ್ಟು ಅಗಲದ ತೊಟ್ಟಿ. ರಜೆ ಸಿಕ್ಕಿದರೆ ಸಾಕು, ಅಪ್ಪ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟುಬಿಡುತ್ತಿದ್ದ. ಅಣ್ಣನಿಗೆ ಆ ಗಾಡಿಯ ವಾಸನೆಯೇ ಆಗಿಬರುತ್ತಿರಲಿಲ್ಲ.

ಬಾಡಿಗೆ ಮನೆ ಬಿಟ್ಟ ಮೇಲೆ ತಂಗಿ ಯಾರೋ ಗೆಳತಿಯ ಕೋಣೆಯಲ್ಲಿದ್ದಾಳೆ ಎಂದು ಅವನು ನಂಬಿದ್ದ. ಅಂಥ ಗೆಳತಿ ಯಾರೂ ಇರಲಿಲ್ಲ. ಲಾಂಡ್ರಿಯಲ್ಲಿ ದಿನವಿಡೀ ಹಾಸುಬಟ್ಟೆ ಇಸ್ತ್ರಿ ಮಾಡಿ, ಅದರ ಹಿಂಬದಿಯ ಖಾಲಿ ಜಾಗದಲ್ಲಿ ನಿಂತ ವ್ಯಾನಿನೊಳಗೆ ಅವಳು ಮಲಗುತ್ತಿದ್ದಳು.

ವ್ಯಾನಿನ ಕಾಯಿಲೆ ಮಾತ್ರ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಹೊರಡುವಾಗ ಕುದುರೆ. ಸೇತುವೆ ಹತ್ತಿರ ಬರುವಷ್ಟರಲ್ಲಿ ಮುಗ್ಗರಿಸಿ, ಕೆಮ್ಮಿ, ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತು ಅದರ ಪಾಡಿಗೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತಿತ್ತು, ಮತ್ತೆ ನಿಲ್ಲುತ್ತಿತ್ತು. ಅಣ್ಣನ ಮನೆ ಸೇತುವೆಯ ಆಚೆಗಿತ್ತು.

ಕೆಲಸ ಮುಗಿಸಿ ದಿನಾ ಸಂಜೆ ಅವಳು ಈಚೆ ದಡದ ಮೇಸ್ತ್ರಿಯ ಗ್ಯಾರೇಜಿಗೆ ವ್ಯಾನು ತರುತ್ತಿದ್ದಳು. ಅವನು ಎಂಜಿನ್ನಿನ ಮೇಲೆ ಒಂದು ಬಾಟಲಿ ಪೆಟ್ರೋಲು ತೂಗುಹಾಕಿ, ಟ್ಯಾಂಕಿನ ಪೈಪು ಕಳಚಿ, ಬಾಟಲಿಯ ಸಣ್ಣ ಕೊಳವೆ ಜೋಡಿಸಿ ನೋಡಿದ್ದ. ಬಾಟಲಿ ಖಾಲಿಯಾಗುವವರೆಗೂ ಎಂಜಿನ್ನು ತಡವರಿಸದೆ ಓಡಿತ್ತು.

"ನಿನ್ನ ಗಾಡಿ ಥೇಟ್ ಹಾಲು ಬಿಡದ ಮಗು ಕಣಮ್ಮ," ಎಂದಿದ್ದ. "ಬಾಟಲಿ ಕೊಟ್ರೆ ನಗುತ್ತೆ, ಟ್ಯಾಂಕ್ ಅಂದ್ರೆ ಅಳುತ್ತೆ."

ಅಂದಮೇಲೆ ತೊಂದರೆ ಟ್ಯಾಂಕಿನ ಕಡೆಯೇ. ಪಂಪು ಬದಲಾಯಿತು, ಫಿಲ್ಟರು ಬದಲಾಯಿತು, ಟ್ಯಾಂಕು ಇಳಿಸಿ ತೊಳೆದದ್ದೂ ಆಯಿತು. ವ್ಯಾನು ಮಾತ್ರ ಸೇತುವೆ ದಾಟಲಿಲ್ಲ.

ಭಾನುವಾರ ಮಧ್ಯಾಹ್ನ ಮೇಸ್ತ್ರಿ ಕೈ ಒರೆಸಿಕೊಂಡ. "ಇನ್ನು ನನ್ನ ಕೈಲಾಗಲ್ಲ. ನಿಮ್ಮಣ್ಣಂಗೆ ಹೇಳ್ಬಿಡು."

ಬಾಯಿ ಬಿಡುವುದೆಂದರೆ ಅವಳಿಗೆ ಮೊದಲಿಂದಲೂ ಬೆಟ್ಟ ಹತ್ತಿದಂತೆ. ಆದರೂ ಹೇಳಿದಳು.

"ಮುಚ್ಚಳ ತೆಗೆದಾಗ ಉಸ್ ಅನ್ನುತ್ತೆ."

"ಏನಂದೆ?"

"ಗಾಡಿ ನಿಂತ್ಮೇಲೆ. ಪೆಟ್ರೋಲ್ ಮುಚ್ಚಳ ತೆಗೆದ್ರೆ ಗಾಳಿ ಎಳ್ಕೊಳ್ಳುತ್ತೆ."

"ಇಷ್ಟು ದಿನ ಯಾಕಮ್ಮ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ."

"ಸರಿಹೋಯ್ತು. ಗಾಡಿಗೂ ಬಾಯಿಲ್ಲ, ಒಡತಿಗೂ ಬಾಯಿಲ್ಲ." ಮೇಸ್ತ್ರಿ ಆಗಲೇ ವ್ಯಾನಿನ ಕೆಳಗೆ ನುಸುಳಿದ್ದ. "ಪೆಟ್ರೋಲ್ ಖಾಲಿಯಾದಷ್ಟೂ ಆ ಜಾಗಕ್ಕೆ ಗಾಳಿ ಬರ್ಬೇಕು. ಇಲ್ದಿದ್ರೆ ಪಂಪ್ ಎಷ್ಟು ಎಳೆದ್ರೂ ಬರಲ್ಲ. ಇದಕ್ಕೊಂದು ಗಾಳಿ ಪೈಪ್ ಇರುತ್ತೆ… ಇಲ್ಲಿದೆ. ಟ್ಯಾಂಕ್ ಇಳಿಸಿದಾಗ ಇದರ ಇನ್ನೊಂದು ತುದಿ ನೋಡ್ಲೇ ಇಲ್ಲ. ನೆಲ ತೂರ್ಕೊಂಡು ಒಳಗೇ ಹೋಗಿದೆಯಲ್ಲ. ಬಾಗಿಲು ತೆಗಿ, ನೋಡೋಣ."

ಪೈಪಿನ ಬಾಯಿ ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು. ಎಷ್ಟೇ ಚಳಿಯಿದ್ದರೂ ಅಪ್ಪ ಕಿಟಕಿಯನ್ನು ಒಂದು ಬೆರಳಿನಷ್ಟು ತೆರೆದೇ ಮಲಗುತ್ತಿದ್ದ. ಒಬ್ಬಳೇ ಆದ ಮೇಲೆ ಅವಳು ಕಿಟಕಿಯ ಸಂದಿಗೆ ಟೇಪು ಅಂಟಿಸಿದ್ದಳು, ಬಾಗಿಲಿನ ಅಡಿಗೆ ಬಟ್ಟೆ ತುರುಕಿದ್ದಳು. ಹಾಸಿಗೆಯ ಹಿಂದಿನ ಕಪಾಟಿನಲ್ಲಿ ಪೆಟ್ರೋಲು ವಾಸನೆ ಸೂಸುವ ರಬ್ಬರು ಕೊಳವೆಯೊಂದು ಕಂಡಿತ್ತು. ಅಪ್ಪನ ಉಣ್ಣೆಯ ಕಾಲುಚೀಲಗಳಲ್ಲಿ ಹಿಮ್ಮಡಿ ಹರಿದದ್ದನ್ನು ಆರಿಸಿ, ತುದಿಯನ್ನು ಬಿಗಿಯಾಗಿ ಹೊಸೆದು, ಆ ಕೊಳವೆಯೊಳಗೆ ತಳ್ಳಿದ್ದಳು.

"ನಾನೇ ನೋಡ್ತೀನಿ," ಎಂದು ಒಳಗೆ ಹೋಗಿ ಬಾಗಿಲೆಳೆದುಕೊಂಡಳು. ಚಮಚದ ಹಿಡಿಯಿಂದ ಮೀಟಿದಳು. ಹೊರಗೆ ಜೋತಿದ್ದ ಉಣ್ಣೆ ಹರಿದು ಕೈಗೆ ಬಂತು. ತುದಿ ಇನ್ನೂ ಒಳಕ್ಕೆ ಸರಿಯಿತು. ಮೊಣಕಾಲೂರಿ ಸುಮಾರು ಹೊತ್ತು ಹೆಣಗಿದಳು. ಹೊರಗೆ ಬಿಸಿಲು ಇಳಿಯುತ್ತಿತ್ತು. ಕೊನೆಗೆ ಬಾಗಿಲು ತೆರೆದು ಪಕ್ಕಕ್ಕೆ ಸರಿದು ನಿಂತಳು.

ಮೇಸ್ತ್ರಿ ಉದ್ದ ಮೂತಿಯ ಇಕ್ಕಳ ಹಿಡಿದು ಬಂದ. ಒಂದು ಕಾಲು ಒಳಗಿಟ್ಟವನು ಅಲ್ಲೇ ನಿಂತ. ಮೊಳೆಯಲ್ಲಿ ಲಾಂಡ್ರಿಯ ಅಂಗಿ, ತೊಟ್ಟಿಯ ಪಕ್ಕ ಒಂದು ತಟ್ಟೆ, ಒಂದು ಲೋಟ, ಲೋಟದಲ್ಲಿ ಹಲ್ಲುಜ್ಜುವ ಬ್ರಷ್ಷು. ಅವನು ಕಾಲು ಹಿಂದಕ್ಕೆ ತೆಗೆದು, ಎಣ್ಣೆ ಮೆತ್ತಿದ ಬೂಟುಗಳನ್ನು ಹೊರಗೆ ಕಳಚಿಟ್ಟು, ಆಮೇಲೆ ಒಳಗೆ ಬಂದ. ಯಾವ ಗಾಡಿ ಹತ್ತುವಾಗಲೂ ಅವನು ಬೂಟು ಬಿಚ್ಚಿದ್ದನ್ನು ಅವಳು ಕಂಡಿರಲಿಲ್ಲ.

ಇಕ್ಕಳದ ತುದಿಯಲ್ಲಿ ಉಣ್ಣೆಯ ಮುದ್ದೆ ಬಂತು. ಅವನು ಅದನ್ನು ಉಳಿದ ಕಾಲುಚೀಲದ ಪಕ್ಕದಲ್ಲೇ ಮೆಲ್ಲಗೆ ಇಟ್ಟ.

"ಇದನ್ನ ತೆಗೆದ್ರೆ ವಾಸನೆ…" ಎಂದವಳು ಅಲ್ಲಿಗೇ ನಿಲ್ಲಿಸಿದಳು.

"ಪೈಪ್ ಹೊರಗಡೆಗೆ ತಿರುಗಿಸ್ತೀನಿ," ಎಂದ ಮೇಸ್ತ್ರಿ, ಅವಳ ಕಡೆ ನೋಡದೆ. "ಒಳಗೆ ಮಲಗೋರಿಗೆ ತೊಂದ್ರೆ ಆಗ್ಬಾರ್ದು." ಯಾರು ಮಲಗುತ್ತಾರೆ ಎಂದು ಕೇಳಲಿಲ್ಲ.

ಕತ್ತಲಾಗುವ ಮುಂಚೆಯೇ ಅವಳು ಸೇತುವೆ ಹತ್ತಿದಳು. ವ್ಯಾನು ಮುಗ್ಗರಿಸಲಿಲ್ಲ. ನಡುವಿನ ಕಂಬ ದಾಟಿತು, ಆಚೆ ದಡ ಬಂತು.

ಅಣ್ಣ ಗೇಟಿನಲ್ಲಿ ನಿಂತು ಎಂಜಿನ್ನಿನ ಸದ್ದು ಕೇಳಿದ. "ಪರವಾಗಿಲ್ವೇ," ಎಂದು ವ್ಯಾನಿನ ಕಾಗದಗಳನ್ನು ಅವಳ ಕೈಗಿಟ್ಟ. "ಆದ್ರೂ ಈ ಡಬ್ಬ ಇಟ್ಕೊಂಡು ಏನ್ಮಾಡ್ತೀಯೋ. ಬಾ, ಊಟ ಮಾಡ್ಕೊಂಡು ಹೋಗು."

ಅವನ ಹಿಂದೆ ಬಾಗಿಲು ತೆರೆದಿತ್ತು. ಒಳಗೆ ಅತ್ತಿಗೆಯ ನಗು, ತಟ್ಟೆಗಳ ಸದ್ದು. ಒಳಗೆ ಹೋದರೆ ಕೇಳುತ್ತಾರೆ: ಎಲ್ಲಿದ್ದೀಯ, ಆ ಗೆಳತಿ ಹೇಗಿದ್ದಾಳೆ.

"ಅವಳು ಕಾಯ್ತಿರ್ತಾಳೆ ಅಣ್ಣ," ಎಂದಳು.

"ಸರಿ. ನಿನ್ನಿಷ್ಟ."

ಲಾಂಡ್ರಿಯ ಹಿಂದೆ ವ್ಯಾನು ನಿಲ್ಲಿಸಿ ಚಾವಿ ತಿರುಗಿಸಿದಾಗ ಸುತ್ತ ಎಲ್ಲವೂ ಒಮ್ಮೆಲೇ ಸುಮ್ಮನಾಯಿತು. ಹರಿದ ಕಾಲುಚೀಲವನ್ನು ಸೋಪು ಹಾಕಿ ಉಜ್ಜಿ ಉಜ್ಜಿ ತೊಳೆದಳು. ಪೆಟ್ರೋಲು ವಾಸನೆ ಹೋಗಲಿಲ್ಲ. ಮೂಗಿಗೆ ಹತ್ತಿರ ಹಿಡಿದು ನೋಡಿದಳು. ಅಪ್ಪನ ಮೈಗೂ ಇದೇ ವಾಸನೆಯಿತ್ತು. ಆಮೇಲೆ ಕಿಟಕಿಯ ಟೇಪನ್ನು ಒಂದು ಬೆರಳಿನಷ್ಟು ಬಿಚ್ಚಿ, ಕಾಲುಚೀಲದ ಅಂಚನ್ನು ಆ ಸಂದಿಗೆ ಸಿಕ್ಕಿಸಿ ಒಣಗಲು ಬಿಟ್ಟಳು.