ಮಗುಚಿದ ಮೀನು

“ಹುರುಪೆ ಕೆರೆಯೋಕೂ ಬರಲ್ವೇನೇ ಬೋಳಿ? ಗಡಿ ಆಚೆ ಮಣ್ಣು ತಿನ್ಕೊಂಡಿದ್ದ ಬೇವರ್ಸಿ,” ಎಂದು ಮೀನು ಮಂಡಿಯ ಲಾವ್ ಸಾಹುಕಾರ ಗಾಮ್‌ಹೋಳ ಕಾಲ ಬಳಿ ಉಗಿದ. ಅವಳು ಮೀನು ಕೆರೆಯುವ ಕತ್ತಿ ನಿಲ್ಲಿಸಲಿಲ್ಲ.

ಹಾಂಗ್‌ಕಾಂಗಿನ ಈ ದೋಣಿಗೆ ಅವಳು ಮದುವೆಯಾಗಿ ಬಂದು ಒಂಬತ್ತು ವರ್ಷ. ಗಡಿಯಾಚೆಯ ಚೀನಾದ ಹೆಣ್ಣು, ಇಲ್ಲಿನ ಗುರುತಿನ ಕಾರ್ಡಿಲ್ಲ. ಇಂಥವರು ನೀರಿನ ಮೇಲೆ ಬದುಕಬಹುದು. ದಡ ಹತ್ತಿದರೆ ಹಿಡಿದು ಆಚೆಗೆ ಅಟ್ಟುತ್ತಾರೆ. ಎರಡು ಮಕ್ಕಳನ್ನೂ ಅವಳು ದೋಣಿಯಲ್ಲೇ ಹೆತ್ತಳು. ಈಗ ಬ್ರಿಟಿಷರು ಊರನ್ನು ಚೀನಾಕ್ಕೆ ಒಪ್ಪಿಸಿ ಹೊರಡುವುದೆಂದು ರುಜು ಬಿದ್ದಿತ್ತು. ಅಷ್ಟರೊಳಗೆ ಸರ್ಕಾರದ ಗುಮಾಸ್ತರು ದೋಣಿ ದೋಣಿಗೂ ಬಂದು ಇಂಥ ಹೆಂಡತಿಯರ ಹೆಸರು ಬರೆದುಕೊಳ್ಳುತ್ತಿದ್ದರು. ಬರೆಸಿದವರಿಗೆ ಕಾರ್ಡು. ಹೆಸರು ಬಿಟ್ಟುಹೋದವರನ್ನು ಮಕ್ಕಳಿಂದ ಕಿತ್ತು ಕಳಿಸುತ್ತಾರೆಂದು ಬಂದರಿಗೆ ಬಂದರೇ ಹೆದರಿ ಕೂತಿತ್ತು.

ಇವತ್ತು ಕಡೇ ದಿನ. ಬಂದಿದ್ದ ಗುಮಾಸ್ತ ಚಾನ್‌ನನ್ನು ಸಾಹುಕಾರ ದೋಣಿಯಲ್ಲೇ ಊಟಕ್ಕೆ ಕೂರಿಸಿದ. ಗಾಮ್‌ಹೋ ಹಬೆಯಲ್ಲಿ ಬೇಯಿಸಿದ ಇಡೀ ಮೀನು ತಂದಿಟ್ಟಳು.

“ಇವ್ಳು ಯಾರಪ್ಪ?” ಎಂದ ಗುಮಾಸ್ತ, ಅರ್ಧ ಮೀನು ಮುಗಿಸಿ.

ಸಾಹುಕಾರ ನಡುವೆ ಬಾಯಿ ಹಾಕಿದ. “ಕೂಲಿಯವ್ಳು ಸಾರ್. ಕಾರ್ಡ್ ಸಿಕ್ರೆ ನಾಳೇನೇ ದಡ ಹತ್ತಿ ಫ್ಯಾಕ್ಟ್ರಿ ಸೇರ್ತಾಳೆ, ನನ್ ಮೀನು ಯಾರು ಕೆರೀತಾರೆ? ಅಲ್ವೇನೋ ಫುಕ್‌ಸಾಂ? ಬಲೆ ನಂದು, ಇಂಜಿನ್ ನಂದು. ನೋಡ್ಕೊಂಡು ಮಾತಾಡು.”

ಗಂಡ ಫುಕ್‌ಸಾಂ ಅನ್ನದ ಬಟ್ಟಲಿನಿಂದ ತಲೆ ಎತ್ತಲಿಲ್ಲ. “ಹೂಂ ಸಾರ್. ಕೂಲಿಯವ್ಳು.”

“ನಾನು ಇವನ ಹೆಂಡ್ತಿ ಸಾರ್,” ಎಂದಳು ಗಾಮ್‌ಹೋ.

“ದೋಣಿ ಫುಕ್‌ಸಾಂದು, ಯಜಮಾನ ಹೇಳಿದ್ದನ್ನ ಬರೀಬೇಕಮ್ಮ. ನಾನೇನ್ ಮಾಡ್ಲಿ?”

ಒಂಬತ್ತು ವರ್ಷ ಒಂದೇ ಚಾಪೆಯಲ್ಲಿ ಮಲಗಿದವನು ಹೀಗೆ ಹೇಳಿದ್ದ.

ದೋಣಿಯವರು ತಟ್ಟೆಯಲ್ಲಿ ಮೀನು ಮಗುಚುವುದಿಲ್ಲ, ಮಗುಚಿದರೆ ದೋಣಿಯೇ ಮಗುಚುತ್ತದೆ. ಮೇಲಿನದು ಮುಗಿದ ಮೇಲೆ ಮುಳ್ಳು ಎತ್ತಿಟ್ಟು ಕೆಳಗಿನದನ್ನು ತಿನ್ನುತ್ತಾರೆ. ಗಾಮ್‌ಹೋ ಬರಿಗೈಯಲ್ಲಿ ಬಾಲ ಹಿಡಿದು ಮೀನನ್ನು ದೊಪ್ಪನೆ ಮಗುಚಿ ಹಾಕಿದಳು.

“ಅಯ್ಯೋ ಮನೆಹಾಳಿ,” ಎಂದು ಮೂಲೆಯಲ್ಲಿ ಕೂತಿದ್ದ ಅತ್ತೆ ಹಣೆ ಚಚ್ಚಿಕೊಂಡಳು. ಸಾಹುಕಾರನ ಮುಖ ಬಿಳಚಿಕೊಂಡಿತು.

“ಮುಳುಗಿದ್ರೆ ಮುಳುಗ್ಲಿ. ಕೂಲಿಯವ್ಳಿಗೆ ಏನಾಗ್ಬೇಕು?” ಎನ್ನುತ್ತ ಅವಳು ಪಕ್ಕಕ್ಕೆ ಕಟ್ಟಿದ್ದ ಗುಮಾಸ್ತನ ಲಾಂಚಿಗೆ ಇಳಿದು ಕೂತಳು.

“ಏ, ದಡ ಮುಟ್ಟಿದ್ರೆ ಪೊಲೀಸ್ರಿಗೆ ಕೊಡ್ಬೇಕಾಗುತ್ತೆ ಕಣಮ್ಮ,” ಎಂದ ಗುಮಾಸ್ತ.

“ಕೊಡಿ. ಹಿಡಿದವರ ಹೆಸ್ರು ಬರ್ಕೋತಾರಲ್ಲ. ಯಾರ ಹೆಂಡ್ತಿ, ಎಷ್ಟು ಮಕ್ಳು ಅಂತ ಕೇಳ್ತಾರಲ್ಲ. ಅಲ್ಲಿ ಹೇಳ್ತೀನಿ.”

“ಹೇಳಿದ್ಮೇಲೆ ಆಚೆಗೆ ಅಟ್ತಾರೆ.”

“ಹೆಂಡ್ತಿ ಅಂತ ಬರ್ಕೊಂಡು ಅಟ್ಲಿ.”

ಫುಕ್‌ಸಾಂ ಎದ್ದು ನಿಂತ. ಸಾಹುಕಾರನ ಕಡೆ ನೋಡಿ ಮತ್ತೆ ಕೂತ. ಗುಮಾಸ್ತನೂ ಇಳಿದ, ಲಾಂಚು ಹೊರಟಿತು. ನೀರಿಗೆ ಬೀಳದಿರಲೆಂದು ಸೊಂಟಕ್ಕೆ ಹಗ್ಗ ಬಿಗಿದಿದ್ದ ಕಿರಿ ಮಗಳು ಅಮ್ಮನ ಹಿಂದೆ ಓಡಿ ಬಂದಳು. ಹಗ್ಗ ಅಲ್ಲಿಗೇ ಎಳೆದು ಕೂರಿಸಿತು. ಅಳು ಕೇಳಿಸಿದರೂ ಗಾಮ್‌ಹೋ ದಡದ ಕಡೆಗೇ ಮುಖ ಮಾಡಿ ಕೂತಳು. ತಿರುಗಿದರೆ ಮಗಳ ಕಡೆಗೆ ನೀರಿಗೆ ಹಾರಿಬಿಡುತ್ತೇನೆಂದು ಅವಳಿಗೆ ಗೊತ್ತಿತ್ತು.