ತೌಹೀದನ ವಿಡಿಯೋ ಗೇಮು

ಬೆಟಗೇರಿಯ ಶಿವಲಕ್ಷ್ಮಿಯ ಮನೆಯ ಟಿವಿಯಲ್ಲಿ ಎರಡು ದಿನದಿಂದ ಬರೀ ಸದ್ದು, ಚಿತ್ರವಿಲ್ಲ. ಹಿಂದಿನ ಓಣಿಯ ತೌಹೀದ ಅದನ್ನು ಹಾಸಿಗೆಯ ಮೇಲೆ ಬೋರಲು ಹಾಕಿ ಬಿಚ್ಚುತ್ತಿದ್ದ. ಬಸ್ ಸ್ಟ್ಯಾಂಡಿನ ಹತ್ತಿರ ಅವನದು ರಿಪೇರಿ ಅಂಗಡಿ.

"ತೌಹೀದ ಮುಟ್ಟಿದ್ದು ಉಳಿಯಾಂಗಿಲ್ಲ ಅಂತಿದ್ರು ನಮ್ಮ ಅಬ್ಬಾ. ಗೊತ್ತಿದ್ದೂ ನನ್ನ ಕರಸ್ತೀರಲ್ಲ ಕಾಕು," ಎಂದು ನಕ್ಕ.

ಚಹಾಕ್ಕೆ ಸಕ್ಕರೆ ಹಾಕುತ್ತಿದ್ದ ಶಿವಲಕ್ಷ್ಮಿಯ ಕೈ ನಿಂತಿತು. ಆ ಮಾತಿನ ಹಿಂದಿನ ನಿಜ ಅವಳೊಬ್ಬಳಿಗೇ ಗೊತ್ತಿತ್ತು.

ಇಪ್ಪತ್ತೆಂಟು ವರ್ಷದ ಹಿಂದೆ ಅವನ ತಂದೆ ಬುಡ್ಡೇಸಾಬ ಮುಂಬೈಯಿಂದ ಟಿವಿಗೆ ಜೋಡಿಸುವ ವಿಡಿಯೋ ಗೇಮು ತಂದಿದ್ದರು. ಬಿಳಿ ಪೆಟ್ಟಿಗೆ, ವೈರಿನ ಎರಡು ರಿಮೋಟು, ಹಳದಿ ಕ್ಯಾಸೆಟ್ಟು. ಆಟ ಶುರುವಾಗದಿದ್ದರೆ ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ ಮತ್ತೆ ಸಿಕ್ಕಿಸಬೇಕು. ಇಡೀ ಓಣಿಗೆ ಅದೊಂದೇ. ದಸರೆಯ ಸೂಟಿಗೆ ನಾಲ್ಕು ದಿನ ಇರಲೆಂದು ತೌಹೀದ ಅದನ್ನು ತನ್ನ ಗೆಳೆಯ, ಶಿವಲಕ್ಷ್ಮಿಯ ಮಗ ಸಿದ್ದರಾಮನಿಗೆ ಕೊಟ್ಟಿದ್ದ.

ನಡುವೆ ಆಯುಧಪೂಜೆ ಬಂತು. ಹೊಲಿಗೆ ಮಷಿನ್ನು, ಈಳಿಗೆ, ಕುಡಗೋಲು ಎಲ್ಲ ತೊಳೆದಿಟ್ಟವಳಿಗೆ ಇದೊಂದನ್ನು ಬಿಡಲು ಮನಸ್ಸಾಗಲಿಲ್ಲ. ಮಂದಿಯ ಮನೆಯ ವಸ್ತು, ಅದಕ್ಕೂ ಒಳ್ಳೆಯದಾಗಲಿ ಎಂದುಕೊಂಡಳು. ಕ್ಯಾಸೆಟ್ಟನ್ನು ನೀರಲ್ಲಿ ಅದ್ದಿ ತೊಳೆದು, ಸೆರಗಿನಿಂದ ಒರೆಸಿ ಸಿಕ್ಕಿಸಿದಳು. ವಿಭೂತಿ ಕಲಸಿ ಪೆಟ್ಟಿಗೆಯ ಮೇಲೆ ಮೂರು ಬೆರಳು ಎಳೆದಳು. ನೀರು ಸಂದಿಗೆ ಇಳಿಯಿತು. ಪೂಜೆಯಾದ ಮೇಲೆ ಹೊಲಿಗೆ ಮಷಿನ್ನಿನ ಚಕ್ರ ಒಂದು ಸುತ್ತು ತಿರುಗಿಸುವಂತೆ, ಕರೆಂಟಿಗೆ ಹಚ್ಚಿ ಇದರ ಗುಂಡಿಯನ್ನೂ ಒಮ್ಮೆ ಒತ್ತಿದಳು. ಸುಟ್ಟ ವಾಸನೆ ಬಂತು.

ವಿಭೂತಿ ಒರೆಸಿ, ಚೀಲಕ್ಕೆ ಹಾಕಿ, "ಆಡಿದ್ದು ಸಾಕು, ಕೊಟ್ಟು ಬಾ," ಎಂದು ಮಗನನ್ನು ಕಳಿಸಿದಳು. ಅವರ ಮನೆಯಲ್ಲಿ ಅದು ಮತ್ತೆ ಶುರುವಾಗಲಿಲ್ಲ. ಊದಿ ಊದಿ ಕೆಡಿಸಿದವನು ತೌಹೀದನೇ ಎಂದು ಬುಡ್ಡೇಸಾಬ ಅವನಿಗೆ ಎರಡು ಬಿಗಿದರು. ಹುಡುಗ ಬೆಳೆದು ಅಂಗಡಿ ಹಾಕಿದ ಮೇಲೂ ಅವರು ತಮ್ಮ ರೇಡಿಯೋ ರಿಪೇರಿಗೆ ಗದಗಿನ ಬೇರೆ ಅಂಗಡಿಗೇ ಒಯ್ಯುತ್ತಿದ್ದರು. ಹೋದ ವರ್ಷ ಅವರು ತೀರಿಕೊಂಡಾಗ ಶಿವಲಕ್ಷ್ಮಿ ಆ ಮನೆಗೆ ಹೋಗಿ ಕೂತು ಬಂದಿದ್ದಳು. ಆಗಲೂ ಬಾಯಿ ಬಿಡಲಿಲ್ಲ.

ಈಗ ಚಹಾದ ಕಪ್ಪು ಕೆಳಗಿಟ್ಟು ಹೇಳಿದಳು, "ತಮ್ಮಾ, ಆ ಗೇಮು ಕೆಡಿಸಿದ್ದು ನೀ ಅಲ್ಲ. ನಾನು." ಏನೂ ಮುಚ್ಚಿಡದೆ ಎಲ್ಲ ಹೇಳಿದಳು.

"ಗೇಮಿಗೆ ವಿಭೂತಿ ಹಚ್ಚಿದ್ರ್ಯಾ ಕಾಕು?" ತೌಹೀದನಿಗೆ ನಗು ತಡೆಯಲಾಗಲಿಲ್ಲ. ಅರ್ಧಕ್ಕೇ ಅದು ನಿಂತಿತು. "ಅಬ್ಬಾ ಇದ್ದಾಗ ಹೇಳಬೇಕಿತ್ತು ಕಾಕು."

"ಹುಡುಗರ ಆಟದ ಸಾಮಾನು, ಮರೀತಾರ ಅಂದ್ಕೊಂಡಿದ್ದೆ."

"ನಾ ಮರ್ತಿದ್ದೆ. ಅವ್ರು ಮರೀಲಿಲ್ಲ."

ಅವನು ತಲೆ ತಗ್ಗಿಸಿ ಕೆಲಸ ಮುಗಿಸಿದ. ಟಿವಿಯಲ್ಲಿ ಚಿತ್ರ ಬಂತು. ಇಬ್ಬರೂ ಅದನ್ನು ನೋಡಲಿಲ್ಲ. ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತು, "ನಮ್ಮ ಅಮ್ಮಾಗ ಬಂದು ಇದನ್ನ ಹೇಳ್ರಿ. ನಾ ಹೇಳಿದ್ರ ನಂಬಾಂಗಿಲ್ಲ ಅವ್ರು," ಎಂದ.

ಶಿವಲಕ್ಷ್ಮಿ ಒಲೆ ಆರಿಸಿ, ಚಪ್ಪಲಿ ಮೆಟ್ಟಿ ಅವನ ಹಿಂದೆ ನಡೆದಳು. ದಾರಿಯುದ್ದಕ್ಕೂ ಮೊದಲ ಮಾತು ಹುಡುಕಿದಳು. ಅವರ ಮನೆಯ ಹೊಸ್ತಿಲು ಬಂದರೂ ಅದು ಸಿಗಲಿಲ್ಲ.