ಬೈಗುಳದ ಪುಟ

ಹೂವು ಇಡಲು ಬಂದವರನ್ನೆಲ್ಲ ಬಾಗಿಲಲ್ಲೇ ತಡೆದು ಭಾವ ತೀರಿಕೊಂಡ ತಮ್ಮನ ಗುಣಗಾನ ಮಾಡುತ್ತಿದ್ದರು.

“ಬಾಯಿ ಸತ್ತವನು ಕಣ್ರೀ. ಕೊಟ್ಟಿದ್ದು ತಿಂದ, ಹೇಳಿದ್ದು ಕೇಳ್ದ. ಜೀವಮಾನವೆಲ್ಲ ಬಸ್ಸಿನ ಅಡಿಯಲ್ಲಿ ಮಲಗಿ ರಿಪೇರಿ ಮಾಡ್ದ. ಒಂದು ಹೆಸರು ಅಂತ ಮಾಡ್ಲಿಲ್ಲ ಪಾಪ…”

ಗಂಡನ ತಲೆಯ ಬಳಿ ಕುರ್ಚಿಯಲ್ಲಿ ಕೂತಿದ್ದ ಅವಳ ಎಡಗೈ ತೊಡೆಯ ಮೇಲಿನ ಟ್ಯಾಬಿನಲ್ಲಿ ಓಡಾಡಿತು. ಏರಿಳಿತವಿಲ್ಲದ ದನಿಯೊಂದು ಹೇಳಿತು: “ಸಾಕು ಮಾಡಿ ನಿಮ್ಮ ಪುರಾಣ.”

ಯಾರೋ ಅಳುವಿನ ನಡುವೆಯೇ ಕಿಸಕ್ಕೆಂದರು. ಬಸ್ ಡಿಪೋದ ಹಳೆಯ ಗೆಳೆಯ ಅವಳ ಮಗಳ ಕಿವಿಯಲ್ಲಿ ಕೇಳಿದ, “ಇದಕ್ಕೆ ಬೈಯೋಕೂ ಬರುತ್ತಾ?”

“ಅಪ್ಪನೇ ಕಲ್ಸಿದ್ದು ಮಾವ.”

*

ಲಕ್ವ ಹೊಡೆದಾಗ ಅವಳ ಬಲಗೈಯ ಜೊತೆ ಮಾತೂ ಅಕ್ಷರವೂ ಹೋದವು. ಕೇಳಿದ್ದು ತಿಳಿಯುತ್ತಿತ್ತು, ಚಿತ್ರ ಗುರುತು ಸಿಗುತ್ತಿತ್ತು, ಅಷ್ಟೆ. ನರ್ಸ್ ಆಗಿದ್ದ ಮಗಳು ಟ್ಯಾಬಿಗೆ ಒಂದು ತಂತ್ರಾಂಶ ಹಾಕಿಕೊಟ್ಟಳು. ಚಿತ್ರ ಒತ್ತಿದರೆ ಅದು ಮಾತಾಡುತ್ತಿತ್ತು. ಎಲ್ಲೆಲ್ಲಿಯವರೋ ಬಿಡುವಿನಲ್ಲಿ ಕಟ್ಟಿ, ಬೇಕಾದವರು ಬಳಸಲಿ, ತಿದ್ದಲಿ ಎಂದು ತೆರೆದಿಟ್ಟದ್ದು. ಅದರಲ್ಲಿ ಇದ್ದದ್ದು: ನೀರು ಬೇಕು, ನೋವಿದೆ, ಧನ್ಯವಾದ.

ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಬಿಸಾಡಿದ ಗಂಡನಿಗೂ ಅವಳು ‘ಧನ್ಯವಾದ’ ಒತ್ತಬೇಕಾಯಿತು. ಒತ್ತಿದವಳು ಟ್ಯಾಬನ್ನು ದೂರ ತಳ್ಳಿ ಅತ್ತುಬಿಟ್ಟಳು.

ಅಂದೇ ಅವನು ಊಟದ ಮೇಜಿನ ಮೇಲೆ ಮಗಳ ಹಳೆಯ ಕಂಪ್ಯೂಟರ್ ತಂದಿಟ್ಟ. “ಯಾರು ಬೇಕಾದ್ರೂ ತಿದ್ದಬಹುದಂತೆ ಕಣೆ. ಯಾರು ಬೇಕಾದ್ರೂ ಅಂದ್ರೆ ನಾನೂ ಬಂದೆ ತಾನೆ?”

ಅವಳ ಬೈಗುಳಗಳನ್ನು ನೆನಪಿನಿಂದ ಹೆಕ್ಕಿ, ಒಂದೊಂದನ್ನೂ ಅವಳಿಗೇ ಓದಿ ಹೇಳಿ ಒಪ್ಪಿಗೆ ಪಡೆದು, ಒಂದೊಂದು ಚಿತ್ರ ಜೋಡಿಸಿದ. “‘ಕಿವಿ ಏನು ಬಾಡಿಗೆಗೆ ಕೊಟ್ಟಿದ್ದೀರಾ?’ ಹೀಗೇ ತಾನೆ ಅಂತಿದ್ದಿದ್ದು?” ಅವಳು ನಗುತ್ತ ತಲೆಯಾಡಿಸಿದಳು.

ತಂತ್ರಾಂಶ ಕಟ್ಟಿದವರಿಗೆ ಕಳಿಸಿದ್ದು ವಾಪಸ್ಸು ಬಂತು. ಒಂದು ಅಲ್ಪವಿರಾಮ ಬಿಟ್ಟುಹೋಗಿ ಇಡೀ ಪುಟವೇ ತೆರೆಯುತ್ತಿರಲಿಲ್ಲ. ತಿದ್ದಿ ಮತ್ತೆ ಕಳಿಸಿದ. ಪರೀಕ್ಷಿಸುವ ಸ್ವಯಂಸೇವಕಿ ವಿನಯದಿಂದಲೇ ಕೇಳಿದಳು: ಇದು ರೋಗಿಗಳಿಗೆ ಮಾಡಿದ್ದು, ಬೈಗುಳ ಅಗತ್ಯವೇ?

ಅವನು ಬಹಳ ಹೊತ್ತು ತಲೆ ಕೆರೆದುಕೊಂಡು, ಒಂದೇ ಬೆರಳಿನಲ್ಲಿ ಬರೆದ: “ಅವಳು ರೋಗಿಯಲ್ಲ, ನನ್ನ ಹೆಂಡತಿ. ಬೈಸಿಕೊಳ್ಳದೆ ನನಗೆ ಊಟ ಸೇರುತ್ತಿಲ್ಲ.”

ಮಾರನೆಯ ದಿನ ಉತ್ತರ ಬಂತು: “ಸೇರಿಸಿಕೊಂಡಿದ್ದೇವೆ. ನಿಮ್ಮ ಮೊದಲ ಕೊಡುಗೆಗೆ ಅಭಿನಂದನೆ.” ಅದನ್ನು ಅವನು ಅಡುಗೆಮನೆಗೂ ವರಾಂಡಕ್ಕೂ ಓಡಾಡುತ್ತ ಓದಿದ್ದೇ ಓದಿದ್ದು. ಕೊನೆಗೆ ಟ್ಯಾಬು ಹೇಳಿತು: “ಕುಣಿದಿದ್ದು ಸಾಕು, ಕೂತ್ಕೊಳ್ಳಿ.” ಅಂದು ಅವನು ಎರಡು ಸಲ ಬಡಿಸಿಕೊಂಡು ಉಂಡ.

*

ವಿದ್ಯುತ್ ಚಿತಾಗಾರದಲ್ಲಿ ಕೆಲಸದವನು ಸ್ವಿಚ್ಚಿನ ಹತ್ತಿರ ನಿಂತು ಕೇಳಿದ, “ಯಾರಾದ್ರೂ ಏನಾದ್ರೂ ಹೇಳೋದಿದ್ರೆ ಹೇಳ್ಬಿಡಿ.”

ಎಲ್ಲರೂ ಅವಳತ್ತ ನೋಡಿದರು. ಅವಳು ಪುಟಗಳನ್ನು ಸರಿಸುತ್ತ ಹೋದಳು. ‘ಹೋಗಿಬನ್ನಿ’ ಎಂಬುದು ಎಲ್ಲಿಯೂ ಇರಲಿಲ್ಲ. ಅವಳನ್ನು ಬಿಟ್ಟು ಎಲ್ಲಿಗೂ ಹೋಗದಿದ್ದವನಿಗೆ ಆ ಮಾತು ಹೊಳೆದೇ ಇರಲಿಲ್ಲ. ಅವನ ಬೈಗುಳದ ಪುಟ ಬಂತು. ‘ಇಷ್ಟು ಹೊತ್ತು ಎಲ್ಲಿ ಸತ್ತಿದ್ರಿ?’ ಎಂಬುದರ ಚಿತ್ರದ ಮೇಲೆ ಬೆರಳು ಬಂದು ನಿಂತಿತು. ಒತ್ತಲಿಲ್ಲ.

“ನಾನು ಹೇಳ್ಲಾ ಅಮ್ಮ?”

ಬೇಡವೆಂದು ತಲೆಯಾಡಿಸಿ, ಟ್ಯಾಬನ್ನು ಮಗಳ ಕೈಗಿತ್ತು, ಅವಳು ಅವನ ಮೇಲೆ ಬಾಗಿದಳು. ಬಟ್ಟೆ ತೊಡಿಸಿದವರು ಅವಸರದಲ್ಲಿ ಅಂಗಿಯ ಗುಂಡಿಗಳನ್ನು ತಪ್ಪು ಕಾಜಗಳಿಗೆ ಹಾಕಿದ್ದರು. ಎಡಗೈಯಲ್ಲಿ ಎಲ್ಲವನ್ನೂ ಬಿಚ್ಚಿದಳು. ಕೆಳಗಿನಿಂದ ಹಾಕತೊಡಗಿದಳು. ಗುಂಡಿ ಜಾರಿತು. ನೆರವಾಗಲು ಹೋದ ಮಗಳನ್ನು ಭಾವ ತೋಳು ಹಿಡಿದು ತಡೆದರು. ಮತ್ತೆ ಜಾರಿತು. ಕೆಲಸದವನು ಸ್ವಿಚ್ಚಿನಿಂದ ಕೈ ತೆಗೆದು ಗೋಡೆಗೊರಗಿ ನಿಂತ.